ಕೆಲಸದ ಮೇಲೆ ಹೊರದೇಶಕ್ಕೆ ಹೋದಾಗ ಪಥ್ಯ ತಪ್ಪದಂತೆ ನೋಡಿಕೊಳ್ಳುವುದು ಹೇಗೆ

ಹೊರದೇಶದಲ್ಲಿ ಪಥ್ಯ ತಪ್ಪುವುದಕ್ಕೆ ನಾಲಿಗೆಯ ಚಪಲಕ್ಕಿಂತ ಹೆಚ್ಚಾಗಿ ದಣಿವು, ಹಸಿವು ಮತ್ತು ದಾಕ್ಷಿಣ್ಯ ಕಾರಣವಾಗುತ್ತವೆ. ದಿನವಿಡೀ ಸಭೆ ಮುಗಿಸಿ, ನಿದ್ದೆಗೆಟ್ಟು ಕುಳಿತಿರುವಾಗ ಎದುರಿಗೆ ಅರ್ಥವಾಗದ ಭಾಷೆಯ ಮೆನು ಇರುತ್ತದೆ, ಪಕ್ಕದಲ್ಲಿ ಆದರದಿಂದ ಉಪಚರಿಸುತ್ತಿರುವ ಆತಿಥೇಯರು ಇರುತ್ತಾರೆ. ಅಂಥ ಹೊತ್ತಿನಲ್ಲಿ ಇದರಲ್ಲಿ ಏನೇನು ಹಾಕಿದ್ದಾರೆ ಎಂದು ಮೂರನೆಯ ಬಾರಿ ಕೇಳುವ ಮನಸ್ಸು ಯಾರಿಗೂ ಉಳಿದಿರುವುದಿಲ್ಲ. ರಜೆಯ ಪ್ರವಾಸದಲ್ಲಿ ಊಟದ ಹೊತ್ತು, ಜಾಗ, ಜೊತೆಗಾರರು ಮೂರೂ ನಮ್ಮ ಆಯ್ಕೆಗೆ ಬಿಟ್ಟದ್ದು, ಆದರೆ ಕೆಲಸದ ಪ್ರವಾಸದಲ್ಲಿ ಅವನ್ನು ಬೇರೆಯವರು ಮೊದಲೇ ಗೊತ್ತುಮಾಡಿರುತ್ತಾರೆ. ಆದ್ದರಿಂದ ಪಥ್ಯಕ್ಕೆ ಸಂಬಂಧಿಸಿದ ತೀರ್ಮಾನಗಳಲ್ಲಿ ಸಾಧ್ಯವಾದಷ್ಟನ್ನು ಹೊರಡುವ ಮುನ್ನವೇ, ಹೊಟ್ಟೆ ತುಂಬಿರುವಾಗ, ಸಮಾಧಾನದಿಂದ ಕುಳಿತು ಮಾಡಿ ಮುಗಿಸಬೇಕು. ಮುಂದೆ ಹೇಳಿರುವುದೆಲ್ಲವೂ ಈ ಒಂದು ಸಲಹೆಯ ವಿವರಣೆ.

ಗಡಿಯನ್ನು ಗೊತ್ತುಮಾಡಿಕೊಳ್ಳುವುದು

ಎಲ್ಲ ಪಥ್ಯಗಳೂ ಒಂದೇ ಬಗೆಯವಲ್ಲ, ಹಾಗಾಗಿ ಎಲ್ಲಕ್ಕೂ ಒಂದೇ ಉಪಾಯ ಸಾಲದು. ಶೇಂಗಾ, ಹಾಲು, ಮೀನು, ಎಳ್ಳು ಮೊದಲಾದವುಗಳ ಅಲರ್ಜಿ ಇರುವವರಿಗೆ ಮತ್ತು ಸೀಲಿಯಾಕ್ ಎಂಬ ಕರುಳಿನ ಕಾಯಿಲೆಯಿಂದಾಗಿ ಗ್ಲುಟೆನ್ (ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಪ್ರೋಟೀನ್) ತಿನ್ನಬಾರದವರಿಗೆ ಚೂರು ಸೇರಿದರೂ ತೊಂದರೆ. ಧರ್ಮದ ಅಥವಾ ನಂಬಿಕೆಯ ಕಾರಣದಿಂದ ಮಾಂಸ, ಮೊಟ್ಟೆ, ಮದ್ಯ ಬಿಟ್ಟವರಿಗೆ ದೇಹಕ್ಕೆ ಅಪಾಯವಿಲ್ಲದಿದ್ದರೂ ಗಡಿ ಅಷ್ಟೇ ಗಟ್ಟಿಯಾದದ್ದು. ಮಧುಮೇಹ, ರಕ್ತದೊತ್ತಡ, ಮೂತ್ರಪಿಂಡದ ಕಾಯಿಲೆ ಇರುವವರದು ಅಳತೆಯ ಪಥ್ಯ. ಅವರಿಗೆ ಏನು ತಿಂದೆವು ಎನ್ನುವಷ್ಟೇ ಎಷ್ಟು ತಿಂದೆವು, ಯಾವಾಗ ತಿಂದೆವು ಎನ್ನುವುದೂ ಮುಖ್ಯ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರದೂ ಇದೇ ಗುಂಪು: ವಿಟಮಿನ್ ಕೆ ಹೆಚ್ಚಾಗಿರುವ ಸೊಪ್ಪು ತರಕಾರಿಗಳನ್ನು ಅವರು ಬಿಡಬೇಕಾಗಿಲ್ಲ, ಆದರೆ ದಿನದಿಂದ ದಿನಕ್ಕೆ ಪ್ರಮಾಣ ಏರುಪೇರಾಗಬಾರದು, ಮತ್ತು ಪ್ರವಾಸದಲ್ಲಿ ಆಗುವುದು ಸರಿಯಾಗಿ ಅದೇ. ಇನ್ನು ಹಾಲಿನಲ್ಲಿರುವ ಸಕ್ಕರೆಯಾದ ಲ್ಯಾಕ್ಟೋಸ್ ಜೀರ್ಣವಾಗದವರು, ಕರುಳಿನ ತೊಂದರೆಗಾಗಿ ಈರುಳ್ಳಿ, ಬೆಳ್ಳುಳ್ಳಿ, ಗೋಧಿಗಳನ್ನು ಕಡಿಮೆ ಮಾಡಿದವರು, ತೂಕ ಇಳಿಸುತ್ತಿರುವವರು ಅನುಸರಿಸುವುದು ಹಿತದ ಪಥ್ಯ. ಅದು ತಪ್ಪಿದರೆ ಒಂದೆರಡು ದಿನ ಕಷ್ಟವಾಗುತ್ತದೆ, ಆಸ್ಪತ್ರೆ ಸೇರುವ ಪ್ರಸಂಗ ಬರುವುದಿಲ್ಲ.

ಹೊರಡುವ ಮೊದಲು ಒಂದು ಹಾಳೆಯಲ್ಲಿ ನಿಮಗೆ ಎಂದಿಗೂ ಕೂಡದ್ದು ಯಾವುದು, ಇಷ್ಟೇ ಎಂದು ಮಿತಿಯಿರುವುದು ಯಾವುದು, ಆದಷ್ಟು ಬೇಡ ಎನ್ನುವಂಥದ್ದು ಯಾವುದು ಎಂದು ಬೇರೆಬೇರೆಯಾಗಿ ಬರೆದುಕೊಳ್ಳಿ. ಸಸ್ಯಾಹಾರಿಗಳು ಈ ಹಾಳೆಯಲ್ಲಿ ಕೆಲವು ಸೂಕ್ಷ್ಮ ಪ್ರಶ್ನೆಗಳಿಗೂ ಉತ್ತರ ಬರೆದಿಡಬೇಕು: ಮಾಂಸ ಸುಟ್ಟ ಕಾವಲಿಯ ಮೇಲೆಯೇ ಬೇಯಿಸಿದ ತರಕಾರಿ ಒಪ್ಪಿಗೆಯೇ, ಹಾಲು ಒಡೆಯಲು ಪ್ರಾಣಿಗಳ ಜಠರದಿಂದ ತೆಗೆದ ರೆನೆಟ್ ಬಳಸಿದ ಚೀಸ್ ಒಪ್ಪಿಗೆಯೇ, ಪ್ರಾಣಿಗಳ ಮೂಳೆ, ಚರ್ಮಗಳಿಂದ ತೆಗೆದ ಜೆಲಟಿನ್ ಸೇರಿದ ಸಿಹಿ ಒಪ್ಪಿಗೆಯೇ? ಯಾವ ಉತ್ತರ ಸರಿ ಎಂದು ಇನ್ನೊಬ್ಬರು ಹೇಳಲಾಗದು. ಆದರೆ ತಟ್ಟೆ ಮುಂದೆ ಬಂದ ಮೇಲೆ ಉತ್ತರ ಹುಡುಕುವುದು ಕಷ್ಟ. ಹಿತದ ಪಥ್ಯವನ್ನು ಪ್ರವಾಸದ ಮಟ್ಟಿಗೆ ಸ್ವಲ್ಪ ಸಡಿಲಿಸುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಎಲ್ಲವನ್ನೂ ಸಮನಾಗಿ ಬಿಗಿಹಿಡಿದವರು ಕೆಲವೇ ದಿನಗಳಲ್ಲಿ ಬೇಸತ್ತು ಎಲ್ಲವನ್ನೂ ಕೈಬಿಡುವ ಸಂಭವವಿರುತ್ತದೆ. ಬಿಡಬಹುದಾದದ್ದನ್ನು ಮೊದಲೇ ಬಿಟ್ಟವರಿಗೆ ಬಿಡಬಾರದ್ದನ್ನು ಕಾಪಾಡಿಕೊಳ್ಳುವುದಕ್ಕೆ ಶಕ್ತಿ ಉಳಿಯುತ್ತದೆ.

ಆಯಾ ದೇಶದ ಲೇಬಲ್‌ಗಳನ್ನು ಮೊದಲೇ ಕಲಿಯುವುದು

ಮನೆಯಲ್ಲಿ ಪೊಟ್ಟಣದ ಹಿಂಬದಿಯನ್ನು ಓದಿ ಅಭ್ಯಾಸವಾದ ಕಣ್ಣು ಹೊರದೇಶದಲ್ಲಿ ಸುಲಭವಾಗಿ ಮೋಸಹೋಗುತ್ತದೆ, ಏಕೆಂದರೆ ಲೇಬಲ್‌ನ ಕಾನೂನು ಎಲ್ಲ ಕಡೆಯೂ ಒಂದೇ ಅಲ್ಲ. ಯುರೋಪಿಯನ್ ಒಕ್ಕೂಟದಲ್ಲಿ 2014ರ ಡಿಸೆಂಬರ್‌ನಿಂದ ಜಾರಿಯಲ್ಲಿರುವ ನಿಯಮದಂತೆ 14 ಬಗೆಯ ಅಲರ್ಜಿಕಾರಕಗಳನ್ನು ತಿಳಿಸಲೇಬೇಕು. ಗ್ಲುಟೆನ್ ಇರುವ ಧಾನ್ಯಗಳು, ಹಾಲು, ಮೊಟ್ಟೆ, ಮೀನು, ಶೇಂಗಾ, ಸೋಯಾಗಳ ಜೊತೆಗೆ ಸಾಸಿವೆ, ಸೆಲರಿ, ಲುಪಿನ್ ಎಂಬ ಕಾಳು ಕೂಡ ಆ ಪಟ್ಟಿಯಲ್ಲಿವೆ. ಪೊಟ್ಟಣ ಕಟ್ಟದ ಆಹಾರಕ್ಕೂ, ಅಂದರೆ ಹೋಟೆಲಿನ ಅಡುಗೆಗೂ, ಈ ನಿಯಮ ಅನ್ವಯಿಸುವುದರಿಂದ ಅಲ್ಲಿ ಅಲರ್ಜಿಯ ಮಾಹಿತಿ ಕೇಳುವುದು ನಿಮ್ಮ ಹಕ್ಕು. ಅಮೆರಿಕದ ಒಕ್ಕೂಟ ಕಾನೂನಿನ ಪಟ್ಟಿಯಲ್ಲಿ ಇರುವುದು 9 ಪದಾರ್ಥಗಳು ಮಾತ್ರ. ಎಳ್ಳು ಅದಕ್ಕೆ ಸೇರಿದ್ದು 2023ರ ಜನವರಿ 1ರಿಂದ. ಸಾಸಿವೆ ಆ ಪಟ್ಟಿಯಲ್ಲಿಲ್ಲ, ಹಾಗಾಗಿ ಅದು ‘ಮಸಾಲೆಗಳು’ ಎಂಬ ಒಂದೇ ಹೆಸರಿನಡಿ ಅಡಗಿರಬಹುದು. ಗೋಧಿ ಇದ್ದರೂ ಬಾರ್ಲಿ ಇಲ್ಲ, ಆದ್ದರಿಂದ ಗೋಧಿಯ ಎಚ್ಚರಿಕೆ ಇಲ್ಲವೆಂಬ ಕಾರಣಕ್ಕೆ ಪೊಟ್ಟಣದಲ್ಲಿ ಗ್ಲುಟೆನ್ ಇಲ್ಲವೆಂದು ತಿಳಿಯಬಾರದು. ಜಪಾನಿನ ಕಡ್ಡಾಯ ಪಟ್ಟಿಯಲ್ಲಿ ಧಾನ್ಯದಂತೆ ಬಳಸುವ ಬಕ್‌ವೀಟ್ ಇದೆ, ಸೋಯಾ ಇಲ್ಲ.

‘ಗ್ಲುಟೆನ್ ಇಲ್ಲ’ ಎಂಬ ಮುದ್ರೆಗೂ ಬೇರೆಬೇರೆ ಅಳತೆಗಳಿವೆ. ಯುರೋಪ್ ಮತ್ತು ಅಮೆರಿಕಗಳಲ್ಲಿ ಕಿಲೋಗ್ರಾಂಗೆ 20 ಮಿಲಿಗ್ರಾಂವರೆಗೆ ಇದ್ದರೆ ಆ ಮುದ್ರೆ ಹಾಕಬಹುದು. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗಳಲ್ಲಿ ಪರೀಕ್ಷೆಗೆ ಸಿಗುವಷ್ಟೂ ಇರಕೂಡದು, ಓಟ್ಸ್ ಇದ್ದರಂತೂ ಆ ಮುದ್ರೆಯೇ ಸಲ್ಲದು. ‘ಇಂಥದ್ದರ ಅಂಶ ಇರಬಹುದು’ ಎಂಬ ಎಚ್ಚರಿಕೆ ಅನೇಕ ದೇಶಗಳಲ್ಲಿ ತಯಾರಕರು ಸ್ವಇಚ್ಛೆಯಿಂದ ಹಾಕುವಂಥದ್ದು. ಅದು ಇಲ್ಲ ಎಂದ ಮಾತ್ರಕ್ಕೆ ಪದಾರ್ಥ ಸುರಕ್ಷಿತ ಎಂದಾಗುವುದಿಲ್ಲ.

ಅಳತೆಯ ಪಥ್ಯದವರಿಗೆ ಬೇರೊಂದು ಬಗೆಯ ತೊಡಕಿದೆ, ಅದನ್ನು ಹೇಳುವವರು ಕಡಿಮೆ. ಯುರೋಪಿನ ಲೇಬಲ್‌ನಲ್ಲಿ ಕಾರ್ಬೋಹೈಡ್ರೇಟ್ ಎಂದು ಬರೆದ ಅಂಕಿಯಲ್ಲಿ ನಾರು ಸೇರಿರುವುದಿಲ್ಲ, ಅಮೆರಿಕದ ಲೇಬಲ್‌ನ ಅಂಕಿಯಲ್ಲಿ ಸೇರಿರುತ್ತದೆ. ಅಮೆರಿಕದ ಪದ್ಧತಿಯಂತೆ ನಾರನ್ನು ಕಳೆದು ಲೆಕ್ಕಹಾಕುವ ರೂಢಿಯಿರುವ ಮಧುಮೇಹಿ ಯುರೋಪಿನಲ್ಲಿಯೂ ಹಾಗೆಯೇ ಕಳೆದರೆ ಇನ್ಸುಲಿನ್ ಲೆಕ್ಕ ತಪ್ಪುತ್ತದೆ. ಯುರೋಪಿನಲ್ಲಿ ಉಪ್ಪನ್ನು ಗ್ರಾಂನಲ್ಲಿ ಬರೆಯುತ್ತಾರೆ, ಅಮೆರಿಕದಲ್ಲಿ ಸೋಡಿಯಂ ಅನ್ನು ಮಿಲಿಗ್ರಾಂನಲ್ಲಿ; ಸೋಡಿಯಂ ಅಂಕಿಯನ್ನು 2.5ರಿಂದ ಗುಣಿಸಿದರೆ ಉಪ್ಪಿನ ಅಂಕಿ ಬರುತ್ತದೆ, ಅಂದರೆ 400 ಮಿಲಿಗ್ರಾಂ ಸೋಡಿಯಂ ಎಂದರೆ ಒಂದು ಗ್ರಾಂ ಉಪ್ಪು. ಯುರೋಪಿನಲ್ಲಿ ಅಂಕಿಗಳು ನೂರು ಗ್ರಾಂಗೆ ಇರುತ್ತವೆ, ಅಮೆರಿಕದಲ್ಲಿ ಒಂದು ‘ಸರ್ವಿಂಗ್’ಗೆ ಇರುತ್ತವೆ, ಒಂದು ಪೊಟ್ಟಣದಲ್ಲಿ ಎಷ್ಟು ಸರ್ವಿಂಗ್ ಇದೆ ಎಂಬುದನ್ನೂ ನೋಡಬೇಕು. ಉಪ್ಪು ಕಡಿಮೆ ಎಂದು ಬರೆದ ಕೆಲವು ಪದಾರ್ಥಗಳಲ್ಲಿ ಉಪ್ಪಿನ ಬದಲು ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಮೂತ್ರಪಿಂಡದ ಕಾಯಿಲೆಯವರಿಗೆ ಮತ್ತು ರಕ್ತದೊತ್ತಡದ ಕೆಲವು ಔಷಧಿ ತೆಗೆದುಕೊಳ್ಳುವವರಿಗೆ ಅದು ಉಪ್ಪಿಗಿಂತ ಹೆಚ್ಚು ಅಪಾಯಕಾರಿ. ರಕ್ತದ ಸಕ್ಕರೆಯ ಅಳತೆಯೂ ದೇಶದಿಂದ ದೇಶಕ್ಕೆ ಬದಲಾಗುತ್ತದೆ: ಒಂದು ಕಡೆ ಡೆಸಿಲೀಟರ್‌ಗೆ ಮಿಲಿಗ್ರಾಂ, ಇನ್ನೊಂದು ಕಡೆ ಲೀಟರ್‌ಗೆ ಮಿಲಿಮೋಲ್. ಎರಡನೆಯದನ್ನು 18ರಿಂದ ಗುಣಿಸಿದರೆ ಮೊದಲನೆಯದು ಸಿಗುತ್ತದೆ. 10 ಮಿಲಿಮೋಲ್ ಎಂದರೆ 180 ಮಿಲಿಗ್ರಾಂ. ಅಲ್ಲಿನ ವೈದ್ಯರೊಡನೆ ಮಾತನಾಡಬೇಕಾಗಿ ಬಂದಾಗ ಈ ಗುಣಾಕಾರ ಗೊತ್ತಿರಬೇಕು.

ಕಾಗದಪತ್ರ ಮತ್ತು ಚೀಟಿ

ವೈದ್ಯರಿಂದ ಒಂದು ಪತ್ರ ಬರೆಸಿಕೊಳ್ಳಿ. ಅದರಲ್ಲಿ ಕಾಯಿಲೆಯ ಹೆಸರು, ಔಷಧಿಗಳ ಮಾರಾಟದ ಹೆಸರಿನ ಜೊತೆಗೆ ರಾಸಾಯನಿಕ ಹೆಸರು, ಸೂಜಿ ಅಥವಾ ವಿಶೇಷ ಆಹಾರ ಜೊತೆಗಿರಬೇಕಾದ ಕಾರಣ ಇರಲಿ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ, ಸುಂಕದ ಕಟ್ಟೆಯಲ್ಲಿ, ಹೋಟೆಲಿನಲ್ಲಿ ಫ್ರಿಜ್ ಕೇಳುವಾಗ, ಮೂರು ಕಡೆಯೂ ಈ ಒಂದೇ ಪತ್ರ ಕೆಲಸಕ್ಕೆ ಬರುತ್ತದೆ.

ಇದಕ್ಕಿಂತ ದಿನನಿತ್ಯ ಹೆಚ್ಚು ಉಪಯೋಗಕ್ಕೆ ಬರುವುದು ಆ ದೇಶದ ಭಾಷೆಯಲ್ಲಿ ಬರೆದ ಸಣ್ಣ ಚೀಟಿ. ಚೀಟಿಯನ್ನು ಓದುವವರು ಬಡಿಸುವವರಲ್ಲ, ಒಲೆಯ ಮುಂದೆ ನಿಂತಿರುವ ಅಡುಗೆಯವರು ಎಂಬುದನ್ನು ನೆನಪಿಟ್ಟುಕೊಂಡು ಬರೆಯಬೇಕು. ಕಾಯಿಲೆಯ ಹೆಸರೊಂದನ್ನೇ ಬರೆದರೆ ಅವರಿಗೆ ಏನೂ ತಿಳಿಯುವುದಿಲ್ಲ. ಪದಾರ್ಥಗಳನ್ನು, ಅವು ಅಡಗಿರುವ ಜಾಗಗಳನ್ನು, ಪಾತ್ರೆಗಳ ವಿಷಯವನ್ನು ಹೆಸರಿಸಿ ಹೇಳಬೇಕು. ಉದಾಹರಣೆಗೆ ಹೀಗೆ: ‘ನನಗೆ ಒಂದು ಕಾಯಿಲೆ ಇರುವುದರಿಂದ ಗೋಧಿ, ಬಾರ್ಲಿ, ರೈ ಸ್ವಲ್ಪ ತಿಂದರೂ ಆರೋಗ್ಯ ಕೆಡುತ್ತದೆ. ಮೈದಾ, ಬ್ರೆಡ್‌ನ ಪುಡಿ, ಸಾಮಾನ್ಯ ಸೋಯಾ ಸಾಸ್, ಬಿಯರ್, ಹಿಟ್ಟು ಹಾಕಿ ಗಟ್ಟಿ ಮಾಡಿದ ಸಾರು ನನಗೆ ಆಗದು. ಬ್ರೆಡ್ ಸವರಿದ ಪದಾರ್ಥ ಕರಿದ ಎಣ್ಣೆಯಲ್ಲಿ ಕರಿದದ್ದು, ಪಾಸ್ತಾ ಬೇಯಿಸಿದ ನೀರಿನಲ್ಲಿ ಬೇಯಿಸಿದ್ದು ಕೂಡ ಆಗದು. ಅಕ್ಕಿ, ಜೋಳ, ಆಲೂಗಡ್ಡೆ, ಮೊಟ್ಟೆ, ತರಕಾರಿ, ಹಣ್ಣು ತಿನ್ನಬಲ್ಲೆ. ತೊಳೆದ ಪಾತ್ರೆ ಮತ್ತು ಬೇರೆ ಚಾಕು ಬಳಸಿದರೆ ಉಪಕಾರವಾಗುತ್ತದೆ.’ ಆಗದ್ದನ್ನು ಹೇಳಿ ನಿಲ್ಲಿಸದೆ ಆಗುವುದನ್ನೂ ಹೇಳಿರುವುದು ಇಲ್ಲಿ ಮುಖ್ಯ. ಏನು ಮಾಡಿಕೊಡಬಹುದೆಂದು ತಿಳಿದಾಗ ಅಡುಗೆಯವರಿಗೂ ಧೈರ್ಯ ಬರುತ್ತದೆ. ಸಸ್ಯಾಹಾರಿಗಳೂ ಹಾಗೆಯೇ ಮೀನು, ಕೋಳಿ, ಮಾಂಸದ ಸಾರು, ಕೊಬ್ಬು, ಮೊಟ್ಟೆ ಒಂದೊಂದನ್ನೂ ಹೆಸರಿಸಿ ಬರೆಯಬೇಕು, ಏಕೆಂದರೆ ಮಾಂಸ ಬೇಡ ಎಂದವರಿಗೆ ಮೀನು ಬಡಿಸುವುದು ಅನೇಕ ಕಡೆ ಸಹಜ.

ಯಂತ್ರಾನುವಾದದಿಂದ ಚೀಟಿ ತಯಾರಿಸಬಹುದು, ಆದರೆ ಆ ಭಾಷೆ ಬಲ್ಲ ಸಹೋದ್ಯೋಗಿಯೊಬ್ಬರಿಗೆ ಕಳುಹಿಸಿ ಓದಿಸಿದ ಮೇಲಷ್ಟೇ ಬಳಸಬೇಕು. ಕೆಲಸದ ಪ್ರವಾಸದ ಒಂದು ಅನುಕೂಲವೇ ಇದು: ಹೋಗುವ ಊರಿನಲ್ಲಿ ನಿಮಗೆ ಪರಿಚಯದವರು ಆಗಲೇ ಇರುತ್ತಾರೆ. ಕೆಲವು ಪ್ರತಿಗಳನ್ನು ಕಾಗದದ ಮೇಲೆಯೇ ಮುದ್ರಿಸಿಟ್ಟುಕೊಳ್ಳಿ, ಏಕೆಂದರೆ ಫೋನನ್ನು ಅಡುಗೆಮನೆಗೆ ಕಳುಹಿಸಲಾಗದು.

ಚೀಲದಲ್ಲಿ ಏನಿರಬೇಕು

ಔಷಧಿಯೆಲ್ಲವೂ ಕೈಚೀಲದಲ್ಲಿರಬೇಕು. ಇನ್ಸುಲಿನ್ ಅನ್ನು ವಿಮಾನದ ಸರಕಿನ ಭಾಗಕ್ಕೆ ಹಾಕಿದರೆ ಹೆಪ್ಪುಗಟ್ಟಬಹುದು, ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಬಳಕೆಗೆ ಯೋಗ್ಯವಲ್ಲ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು. ಬಳಸುತ್ತಿರುವುದನ್ನು ಕೋಣೆಯ ಉಷ್ಣತೆಯಲ್ಲಿ ಇಡಬಹುದು, ಅನೇಕ ಬಗೆಗಳಿಗೆ ಆ ಅವಧಿ ಸುಮಾರು 28 ದಿನ. ಅಲರ್ಜಿ ತೀವ್ರವಾದಾಗ ಚುಚ್ಚಿಕೊಳ್ಳುವ ಅಡ್ರಿನಲಿನ್ ಪೆನ್ ಎರಡಿರಬೇಕು, ಅವನ್ನು ಫ್ರಿಜ್‌ನಲ್ಲಿ ಇಡಬಾರದು. ಪ್ರವಾಸದ ದಿನಗಳಿಗೆ ಬೇಕಾಗುವುದಕ್ಕಿಂತ ಹೆಚ್ಚಿನ ಔಷಧಿ ಇರಲಿ. ಕೆಲಸದ ಪ್ರವಾಸಗಳು ಹಠಾತ್ತನೆ ಮುಂದಕ್ಕೆ ಬೆಳೆಯುವುದು ಅಪರೂಪವೇನಲ್ಲ.

ಆಹಾರದ ವಿಷಯದಲ್ಲಿ ನನ್ನ ಸಲಹೆ ಸರಳವಾದದ್ದು: ಒಂದು ಪೂರ್ತಿ ದಿನ ಎಲ್ಲಿಯೂ ಏನೂ ಸಿಗದಿದ್ದರೂ ನಡೆಯುವಷ್ಟು ಆಹಾರ ಸದಾ ಜೊತೆಗಿರಬೇಕು, ತಿಂದಷ್ಟನ್ನು ಅಲ್ಲಿನ ಅಂಗಡಿಯಲ್ಲಿ ಕೊಂಡು ಮತ್ತೆ ತುಂಬಿಸಬೇಕು. ಬಿಸಿನೀರು ಸುರಿದರೆ ಸಿದ್ಧವಾಗುವ ಧಾನ್ಯದ ಪುಡಿ ಅಥವಾ ಅವಲಕ್ಕಿ, ಹುರಿದ ಕಾಳು, ಬೀಜ, ಒಣಹಣ್ಣು, ನಿಮಗೆ ಒಗ್ಗುವ ಪ್ರೋಟೀನ್ ಬಾರ್ ಇವೆಲ್ಲ ಹಗುರ, ಕೆಡುವುದಿಲ್ಲ, ತಪಾಸಣೆಯಲ್ಲಿಯೂ ತೊಡಕಿಲ್ಲ. ಶೇಂಗಾ ಬೆಣ್ಣೆ, ಮೊಸರು, ಚಟ್ನಿಯಂಥ ಮೆತ್ತಗಿನ ಪದಾರ್ಥಗಳನ್ನು ತಪಾಸಣೆಯವರು ದ್ರವವೆಂದೇ ಪರಿಗಣಿಸುತ್ತಾರೆ. ಬಹುತೇಕ ನಿಲ್ದಾಣಗಳಲ್ಲಿ 100 ಮಿಲಿಲೀಟರ್‌ನ ಮಿತಿ ಇವಕ್ಕೂ ಅನ್ವಯಿಸುತ್ತದೆ. ವೈದ್ಯಕೀಯ ಕಾರಣಕ್ಕೆ ಬೇಕಾದ ದ್ರವಗಳಿಗೆ ಸಾಮಾನ್ಯವಾಗಿ ವಿನಾಯಿತಿ ಇದೆ, ಆದರೆ ಅದನ್ನು ಚೀಲದಿಂದ ಹೊರತೆಗೆದು ನೀವೇ ಮುಂದಾಗಿ ಹೇಳಬೇಕು.

ಗಡಿ ದಾಟುವ ನಿಯಮ ಬೇರೆಯೇ ಇದೆ. ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಬರುವ ಪ್ರಯಾಣಿಕರು ಸಾಮಾನ್ಯವಾಗಿ ಮಾಂಸ ಮತ್ತು ಹಾಲಿನ ಪದಾರ್ಥ ತರುವಂತಿಲ್ಲ; ವೈದ್ಯಕೀಯ ಕಾರಣಕ್ಕೆ ಬೇಕಾದ ವಿಶೇಷ ಆಹಾರಕ್ಕೆ 2 ಕಿಲೋವರೆಗೆ ವಿನಾಯಿತಿ ಇದ್ದರೂ ಅದು ಮುದ್ರೆ ಒಡೆಯದ, ಫ್ರಿಜ್ ಬೇಡದ, ಮಾರಾಟದ ಪೊಟ್ಟಣವೇ ಆಗಿರಬೇಕು. ತಾಜಾ ಹಣ್ಣುಗಳಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು, ಬಾಳೆ, ಅನಾನಸ್, ತೆಂಗು, ಖರ್ಜೂರ, ಡೂರಿಯನ್ ಇವಿಷ್ಟಕ್ಕೆ ಮಾತ್ರ ಬೇಡ. ಅಮೆರಿಕ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ತಂದ ಆಹಾರವನ್ನೆಲ್ಲ ಘೋಷಿಸಬೇಕು. ನ್ಯೂಜಿಲೆಂಡ್‌ನಲ್ಲಿ ಘೋಷಿಸದೆ ಸಿಕ್ಕಿಬಿದ್ದರೆ ಸ್ಥಳದಲ್ಲಿಯೇ 400 ಡಾಲರ್ ದಂಡ ಬೀಳಬಹುದು. ಘೋಷಿಸಿದರೆ ಹೆಚ್ಚೆಂದರೆ ಪೊಟ್ಟಣ ಹೋಗುತ್ತದೆ, ಆದ್ದರಿಂದ ಅನುಮಾನ ಬಂದಾಗ ಘೋಷಿಸುವುದೇ ಸರಿ.

ವಿಮಾನದಲ್ಲಿ

ವಿಶೇಷ ಊಟಕ್ಕೆ ವಿಮಾನಯಾನ ಸಂಸ್ಥೆಗಳು ನಾಲ್ಕು ಅಕ್ಷರದ ಸಂಕೇತಗಳನ್ನು ಬಳಸುತ್ತವೆ: ಹಾಲು, ಮೊಟ್ಟೆಯೂ ಇರದ ವೀಗನ್ ಊಟಕ್ಕೆ ವಿಜಿಎಂಎಲ್, ಗ್ಲುಟೆನ್ ಇಲ್ಲದ್ದಕ್ಕೆ ಜಿಎಫ್‌ಎಂಎಲ್, ಮಧುಮೇಹಿಗಳಿಗೆ ಡಿಬಿಎಂಎಲ್, ಉಪ್ಪು ಕಡಿಮೆಯಿರುವುದಕ್ಕೆ ಎಲ್‌ಎಸ್‌ಎಂಎಲ್. ಕನಿಷ್ಠ 24 ಗಂಟೆ ಮೊದಲು, ಕೆಲವು ಸಂಸ್ಥೆಗಳಲ್ಲಿ 48 ಗಂಟೆ ಅಥವಾ ಇನ್ನೂ ಮೊದಲೇ ಇದನ್ನು ಕೇಳಬೇಕು. ಸಾಮಾನ್ಯವಾಗಿ ಒಬ್ಬರಿಗೆ ಒಂದೇ ಸಂಕೇತ ದಾಖಲಾಗುತ್ತದೆ; ಸಸ್ಯಾಹಾರಿಯೂ ಆಗಿ ಸೀಲಿಯಾಕ್ ಕಾಯಿಲೆಯೂ ಇರುವವರು ಯಾವುದು ತಪ್ಪಿದರೆ ಅಪಾಯವೋ ಆ ಸಂಕೇತವನ್ನೇ ಆರಿಸಿ, ಉಳಿದದ್ದಕ್ಕೆ ಚೀಲದ ಆಹಾರವನ್ನು ನಂಬಬೇಕು. ಟಿಕೆಟನ್ನು ಕಚೇರಿಯ ಪ್ರಯಾಣ ವಿಭಾಗದವರು ಕೊಂಡಿದ್ದರೆ ಈ ಕೋರಿಕೆ ನಿಜವಾಗಿಯೂ ದಾಖಲಾಗಿದೆಯೇ ಎಂದು ನೀವೇ ನೋಡಿಕೊಳ್ಳಿ. ಒಂದು ಸಂಸ್ಥೆಯ ಹೆಸರಿನಲ್ಲಿ ಟಿಕೆಟ್ ಇದ್ದು ಇನ್ನೊಂದು ಸಂಸ್ಥೆ ವಿಮಾನ ಹಾರಿಸುವಾಗ, ಅಥವಾ ವಿಮಾನ ತಪ್ಪಿ ಬೇರೆಯದಕ್ಕೆ ಬದಲಾಯಿಸಿದಾಗ, ಕೋರಿಕೆ ಕಳೆದುಹೋಗುವುದು ತೀರ ಸಾಮಾನ್ಯ. ಶೇಂಗಾ ಅಥವಾ ಬೀಜಗಳ ಅಲರ್ಜಿಯವರಿಗೆ ಅವುಗಳ ಅಂಶ ಸ್ವಲ್ಪವೂ ಇರದ ವಿಮಾನವೆಂಬ ಭರವಸೆಯನ್ನು ಯಾವ ಸಂಸ್ಥೆಯೂ ಕೊಡಲಾರದು. ಕುಳಿತೊಡನೆ ಎದುರಿನ ಮಡಿಸುವ ಮೇಜನ್ನೂ ತೋಳಿನ ಆಸರೆಯನ್ನೂ ಒರೆಸಿಕೊಳ್ಳುವುದು ಒಳ್ಳೆಯ ಅಭ್ಯಾಸ.

ಇನ್ಸುಲಿನ್ ತೆಗೆದುಕೊಳ್ಳುವವರು ಕಾಲವಲಯದ ವ್ಯತ್ಯಾಸವನ್ನು ವೈದ್ಯರೊಡನೆ ಕುಳಿತು ಲೆಕ್ಕಹಾಕಬೇಕು. ಪೂರ್ವಕ್ಕೆ ಹಾರಿದಾಗ ದಿನ ಚಿಕ್ಕದಾಗುತ್ತದೆ, ಎಂದಿನ ಗಡಿಯಾರದ ಹೊತ್ತಿಗೆ ಚುಚ್ಚಿಕೊಂಡರೆ ಎರಡು ಡೋಸ್‌ಗಳು ಹತ್ತಿರವಾಗುತ್ತವೆ. ಪಶ್ಚಿಮಕ್ಕೆ ಹಾರಿದಾಗ ದಿನ ಬೆಳೆದು ನಡುವೆ ಅಂತರ ಉಳಿಯುತ್ತದೆ. ಊಟದ ಮೊದಲು ತೆಗೆದುಕೊಳ್ಳುವ ಇನ್ಸುಲಿನ್ ಅನ್ನು ವಿಮಾನದಲ್ಲಿ ತಟ್ಟೆ ಕೈಗೆ ಬಂದ ಮೇಲೆಯೇ ತೆಗೆದುಕೊಳ್ಳಿ, ಏಕೆಂದರೆ ಊಟದ ಗಾಡಿ ಎರಡು ಸಾಲು ಹಿಂದೆ ಇರುವಾಗಲೇ ವಿಮಾನ ಕುಲುಕಾಡಿ ಬಡಿಸುವುದು ನಿಂತುಹೋಗಬಹುದು.

ಉಳಿಯುವ ಜಾಗ

ಮೂರು ನಾಲ್ಕು ದಿನಕ್ಕಿಂತ ಹೆಚ್ಚು ಉಳಿಯುವುದಾದರೆ ಪುಟ್ಟ ಅಡುಗೆಮನೆ ಇರುವ ಕೋಣೆಯನ್ನೇ ಕಚೇರಿಯಿಂದ ಕೇಳಿ ಪಡೆಯಿರಿ. ಇದು ವೈದ್ಯಕೀಯ ಅಗತ್ಯವೆಂದು ಬರೆದು ಕೇಳಿದಾಗ ಬಹುತೇಕ ಕಚೇರಿಗಳು ಒಪ್ಪುತ್ತವೆ. ಹೊರಗಿನ ಊಟದ ಖರ್ಚು ಉಳಿಯುವುದರಿಂದ ಅವರಿಗೂ ನಷ್ಟವೇನಿಲ್ಲ. ಅದು ಆಗದಿದ್ದರೆ ಫ್ರಿಜ್ ಮತ್ತು ಕೆಟಲ್ ಇರಲೇಬೇಕೆಂದು ಮೊದಲೇ ತಿಳಿಸಿ. ಪಾನೀಯಗಳಿಗಾಗಿ ಕೋಣೆಯಲ್ಲಿಟ್ಟಿರುವ ಸಣ್ಣ ಫ್ರಿಜ್ ಅನೇಕ ವೇಳೆ ಔಷಧಿಗೂ ಬೇಯಿಸಿದ ಆಹಾರಕ್ಕೂ ಬೇಕಾದಷ್ಟು ತಣ್ಣಗಾಗುವುದಿಲ್ಲ, ಕೆಲವು ತಣ್ಣಗಾಗಿ ಹಿಂಬದಿಯಲ್ಲಿ ಹೆಪ್ಪುಗಟ್ಟಿಸುತ್ತವೆ. ಒಂದು ಸಣ್ಣ ಉಷ್ಣಮಾಪಕ ಒಯ್ದರೆ ಈ ಅನುಮಾನ ಬಗೆಹರಿಯುತ್ತದೆ. ಬೇಯಿಸಿದ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬಾರದು.

ಮನೆಯಿಂದ ವಿದ್ಯುತ್ ಕುಕ್ಕರ್ ಒಯ್ಯುವ ಆಲೋಚನೆ ಇದ್ದರೆ ವೋಲ್ಟೇಜ್ ನೋಡಿ. ಯುರೋಪಿನಲ್ಲಿ 230 ವೋಲ್ಟ್, ಉತ್ತರ ಅಮೆರಿಕದಲ್ಲಿ 120, ಜಪಾನಿನಲ್ಲಿ 100. 230 ವೋಲ್ಟ್‌ಗೆಂದು ಮಾಡಿದ ಪಾತ್ರೆ ಜಪಾನಿನಲ್ಲಿ ತನ್ನ ಶಕ್ತಿಯ ಐದನೇ ಒಂದು ಪಾಲಿಗಿಂತಲೂ ಕಡಿಮೆ ಶಾಖ ಕೊಡುತ್ತದೆ, ಅನ್ನ ಬೇಯುವುದೇ ಇಲ್ಲ; ತಿರುಗುಮುರುಗಾದರೆ ಪಾತ್ರೆ ಸುಟ್ಟುಹೋಗುತ್ತದೆ. ಪ್ಲಗ್ ಬದಲಾಯಿಸುವ ಅಡಾಪ್ಟರ್ ವೋಲ್ಟೇಜ್ ಬದಲಾಯಿಸುವುದಿಲ್ಲ.

ಬೆಳಗಿನ ತಿಂಡಿಯನ್ನು ದಿನದ ಮುಖ್ಯ ಊಟ ಮಾಡಿಕೊಳ್ಳುವುದು ಬಹಳ ಉಪಯುಕ್ತ. ದಿನದಲ್ಲಿ ನಿಮ್ಮದೇ ಎನ್ನಬಹುದಾದ ಊಟ ಅದೊಂದೇ, ಅಲ್ಲಿ ಯಾರನ್ನೂ ಮೆಚ್ಚಿಸಬೇಕಾಗಿಲ್ಲ. ಬಫೆಯಲ್ಲಿ ಒಂದರ ಸೌಟು ಇನ್ನೊಂದಕ್ಕೆ ಹೋಗಿರುತ್ತದೆ, ಟೋಸ್ಟರ್‌ನಲ್ಲಿ ಎಲ್ಲ ಬಗೆಯ ಬ್ರೆಡ್‌ನ ಪುಡಿ ಬಿದ್ದಿರುತ್ತದೆ. ಗಟ್ಟಿ ಗಡಿಯವರು ಬೇಗನೆ ಹೋಗಿ, ಅಡುಗೆಯವರನ್ನು ಕಂಡು, ಬೇರೆಯಾಗಿ ಮಾಡಿಸಿಕೊಳ್ಳಬೇಕು.

ಸಭೆಯ ಊಟ ಮತ್ತು ಆತಿಥೇಯರು

ಇಡೀ ಪ್ರವಾಸದಲ್ಲಿ ಕಠಿಣವಾದ ಭಾಗ ಇದು. ಕಠಿಣವಾಗುವುದು ಆಹಾರದಿಂದಲ್ಲ, ಸಂಕೋಚದಿಂದ. ವ್ಯವಹಾರದ ಊಟದಲ್ಲಿ ತನ್ನ ಕಡೆಗೆ ಎಲ್ಲರ ಗಮನ ಸೆಳೆಯಬಾರದೆಂದು ಬಯಸುವುದು ಸಹಜ. ಆದರೆ ಆ ಗಮನ ಬೀಳುವುದು ಮೇಜಿನ ಬಳಿ ಹೇಳಿದಾಗ; ಒಂದು ವಾರ ಮೊದಲು ಪತ್ರದಲ್ಲಿ ಹೇಳಿದರೆ ಅದು ಕಾರ್ಯಕ್ರಮದ ವ್ಯವಸ್ಥೆಯ ಒಂದು ವಿವರ ಮಾತ್ರ ಆಗುತ್ತದೆ. ಸಮ್ಮೇಳನದ ನೋಂದಣಿ ಪತ್ರದಲ್ಲಿ ಆಹಾರದ ಅಂಕಣ ತುಂಬಿದ್ದೇನೆಂದು ಸುಮ್ಮನಿರದೆ ವ್ಯವಸ್ಥಾಪಕರಿಗೆ ಪ್ರತ್ಯೇಕವಾಗಿ ಬರೆಯಿರಿ. ಪತ್ರ ಎರಡು ಮೂರು ಸಾಲಿನದಾಗಿರಲಿ: ಏನು ತಿನ್ನಲಾರೆ, ಏನು ತಿನ್ನಬಲ್ಲೆ, ವ್ಯವಸ್ಥೆ ಆಗದಿದ್ದರೆ ತಿಂದು ಬಂದು ಎಲ್ಲರೊಡನೆ ಸಂತೋಷದಿಂದ ಕುಳಿತಿರುತ್ತೇನೆ. ಕೊನೆಯ ಮಾತು ಆತಿಥೇಯರ ಮನಸ್ಸಿನ ಭಾರವನ್ನು ಬಹಳ ಇಳಿಸುತ್ತದೆ. ಸಾಧ್ಯವಿದ್ದಲ್ಲಿ ಹೋಟೆಲನ್ನು ನೀವೇ ಸೂಚಿಸಿ. ಜಾಗ ಹುಡುಕುವ ಕೆಲಸ ತಪ್ಪಿತೆಂದು ಅನೇಕರಿಗೆ ಸಮಾಧಾನವೇ ಆಗುತ್ತದೆ.

ಹೋಟೆಲಿಗೆ ಮಧ್ಯಾಹ್ನ ಮೂರರಿಂದ ಐದರ ನಡುವೆ ಫೋನ್ ಮಾಡುವುದು ಒಳ್ಳೆಯದು, ಆಗ ಅಡುಗೆಮನೆಯಲ್ಲಿ ಗಡಿಬಿಡಿ ಇರುವುದಿಲ್ಲ, ಉತ್ತರಿಸುವವರಿಗೆ ವ್ಯವಧಾನ ಇರುತ್ತದೆ. ಇದರಲ್ಲಿ ಇಂಥದ್ದು ಇಲ್ಲ ತಾನೆ ಎಂದು ಕೇಳಬಾರದು; ಹಾಗೆ ಕೇಳಿದರೆ ಇಲ್ಲ ಎಂಬ ಉತ್ತರವೇ ಬರುತ್ತದೆ. ಈ ಸಾರಿಗೆ ಏನೇನು ಹಾಕುತ್ತೀರಿ, ಯಾವ ಎಣ್ಣೆಯಲ್ಲಿ ಕರಿಯುತ್ತೀರಿ, ಆ ಎಣ್ಣೆಯಲ್ಲಿ ಬೇರೆ ಏನನ್ನು ಕರಿಯುತ್ತೀರಿ ಎಂದು ಅವರೇ ವಿವರಿಸಿ ಹೇಳುವಂತೆ ಕೇಳಬೇಕು. ‘ಬಹುಶಃ ಇಲ್ಲ’ ಎಂಬ ಉತ್ತರವನ್ನು ಇದೆ ಎಂದೇ ತಿಳಿಯಬೇಕು.

ಏನನ್ನು ಕೇಳಬೇಕೆಂದು ತಿಳಿಯಲು ಪದಾರ್ಥಗಳು ಅಡಗುವ ಜಾಗಗಳ ಪರಿಚಯ ಬೇಕು. ಸಾಮಾನ್ಯ ಸೋಯಾ ಸಾಸ್‌ನಲ್ಲಿ ಗೋಧಿ ಇರುತ್ತದೆ, ಏಡಿಯೆಂದು ಮಾರುವ ಕೃತಕ ಏಡಿಯ ತುಂಡುಗಳಲ್ಲಿಯೂ ಬಹಳಷ್ಟು ಬಾರಿ ಇರುತ್ತದೆ. ವೂಸ್ಟರ್‌ಶೈರ್ ಸಾಸ್‌ನಲ್ಲಿ ಆಂಚೊವಿ ಮೀನು ಇರುತ್ತದೆ. ನಿಜವಾದ ಪಾರ್ಮಿಜಾನೊ ರೆಜಿಯಾನೊ ಚೀಸ್‌ಗೆ ಕರುವಿನ ರೆನೆಟ್ ಬಳಸುವುದು ಅದರ ನಿಯಮ. ಜಪಾನಿನ ಅಡುಗೆಗೆ ಮೂಲವಾದ ದಾಶಿ ಸಾರನ್ನು ಬಹುಪಾಲು ಒಣಮೀನಿನಿಂದ ತೆಗೆಯುತ್ತಾರೆ, ಕಡಲಪಾಚಿಯೊಂದರಿಂದಲೇ ತೆಗೆದ ದಾಶಿಯೂ ಉಂಟು, ಕೇಳಬೇಕಷ್ಟೆ. ಆಗ್ನೇಯ ಏಷ್ಯಾದ ಕರ್ರಿಗಳ ಮಸಾಲೆಯಲ್ಲಿ ಸೀಗಡಿಯ ಲೇಪ, ತರಕಾರಿಯ ಹುರಿದ ಪದಾರ್ಥಗಳಲ್ಲಿ ಮೀನಿನ ಸಾಸ್ ಇರುವುದು ಸಾಮಾನ್ಯ. ತರಕಾರಿ ಸೂಪ್ ಮತ್ತು ರಿಸೊಟ್ಟೊ ಎಂಬ ಇಟಲಿಯ ಅನ್ನದ ಅಡುಗೆಗಳನ್ನು ಕೋಳಿಯ ಸಾರಿನಲ್ಲಿ ಬೇಯಿಸಿರಬಹುದು. ಈರುಳ್ಳಿ, ಬೆಳ್ಳುಳ್ಳಿ ಬೇಡದವರಿಗೆ ಸಿದ್ಧ ಸಾರಿನ ಪುಡಿಗಳೂ ಸಾಸ್‌ಗಳೂ ಎಲ್ಲಕ್ಕಿಂತ ದೊಡ್ಡ ತೊಡಕು. ಒಟ್ಟಿನಲ್ಲಿ ಸಾಸ್ ಇಲ್ಲದ, ಹಿಟ್ಟು ಸವರದ, ನೋಡಿದೊಡನೆ ಏನೆಂದು ಗುರುತು ಸಿಗುವ ಪದಾರ್ಥ ಆರಿಸುವುದು ಸುರಕ್ಷಿತ: ಬೇಯಿಸಿದ ಆಲೂಗಡ್ಡೆ, ಬಿಳಿ ಅನ್ನ, ಎಣ್ಣೆ ಮತ್ತು ನಿಂಬೆರಸ ಹಾಕಿದ ತರಕಾರಿ. ಇದು ಸಪ್ಪೆ ಎನಿಸಬಹುದು, ಆದರೆ ಮರುದಿನ ಬೆಳಗ್ಗೆ ನೀವು ಸಭೆಯಲ್ಲಿ ಮಾತನಾಡಬೇಕಾಗಿದೆ.

ತಡವಾಗಿ ಆರಂಭವಾಗುವ ಔತಣಗಳಿಗೆ ಕೋಣೆಯಲ್ಲಿ ಅರ್ಧ ಹೊಟ್ಟೆ ತಿಂದೇ ಹೋಗಿ. ಹಸಿವಿಲ್ಲದವರಿಗೆ ನಿರಾಕರಿಸುವುದು ಸುಲಭ. ಒತ್ತಾಯ ಬಂದಾಗ ದೀರ್ಘ ವಿವರಣೆ ಕೊಡಬೇಡಿ. ವೈದ್ಯರು ಬೇಡ ಎಂದಿದ್ದಾರೆ, ನಿಮ್ಮ ಆದರ ನನಗೆ ಸಂದಿದೆ ಎಂದು ಹೇಳಿ ಕೂಡಲೇ ಮಾತನ್ನು ಅವರ ಕಡೆಗೆ ತಿರುಗಿಸಿ. ಮಧುಮೇಹಿಗಳು ಮದ್ಯದ ವಿಷಯದಲ್ಲಿ ಹೆಚ್ಚು ಎಚ್ಚರವಾಗಿರಬೇಕು: ಯಕೃತ್ತು ಗ್ಲೂಕೋಸ್ ಬಿಡುಗಡೆ ಮಾಡುವುದನ್ನು ಮದ್ಯ ತಡೆಯುವುದರಿಂದ, ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಗಂಟೆಗಟ್ಟಲೆ ತಡವಾಗಿ, ಒಬ್ಬರೇ ನಿದ್ದೆಯಲ್ಲಿರುವಾಗ, ಕುಸಿಯಬಹುದು.

ಎಚ್ಚರದ ನಡುವೆಯೂ ತಪ್ಪಿದರೆ

ಅಳತೆಯ ಪಥ್ಯ ಒಂದು ಊಟದಲ್ಲಿ ತಪ್ಪಿದರೆ ಮುಂದಿನ ಊಟದಿಂದ ಎಂದಿನ ಕ್ರಮಕ್ಕೆ ಮರಳಿ. ಪರಿಹಾರವೆಂದು ಉಪವಾಸ ಮಾಡಬೇಡಿ, ಔಷಧಿಯ ಪ್ರಮಾಣವನ್ನು ನೀವಾಗಿಯೇ ಬದಲಿಸಬೇಡಿ. ಸಕ್ಕರೆ ಕುಸಿದರೆ 15 ಗ್ರಾಂನಷ್ಟು ಗ್ಲೂಕೋಸ್ ಅಥವಾ ಸಕ್ಕರೆ ತೆಗೆದುಕೊಂಡು 15 ನಿಮಿಷದ ನಂತರ ಮತ್ತೆ ಪರೀಕ್ಷಿಸಿ, ಏರದಿದ್ದರೆ ಮತ್ತೊಮ್ಮೆ ತೆಗೆದುಕೊಳ್ಳಿ. ಗ್ಲೂಕೋಸ್ ಮಾತ್ರೆಗಳು ಅಂಗಿಯ ಜೇಬಿನಲ್ಲಿರಬೇಕು, ಸಭಾಂಗಣದ ಹೊರಗಿಟ್ಟ ಚೀಲದಲ್ಲಲ್ಲ.

ತೀವ್ರ ಅಲರ್ಜಿಯಲ್ಲಿ ಉಸಿರಾಟಕ್ಕೆ ತೊಂದರೆಯಾದರೆ, ಗಂಟಲು ಊದಿಕೊಂಡರೆ, ತಲೆ ತಿರುಗಿದರೆ ಅಡ್ರಿನಲಿನ್ ಪೆನ್ ಅನ್ನು ತಡಮಾಡದೆ ತೊಡೆಯ ಹೊರಬದಿಗೆ ಚುಚ್ಚಬೇಕು. ನಂತರ ಆಂಬ್ಯುಲೆನ್ಸ್ ಕರೆಯಬೇಕು, ಎದ್ದು ಓಡಾಡಬಾರದು. ಹಿತವೆನಿಸಿದರೂ ಲಕ್ಷಣಗಳು ಮರುಕಳಿಸಬಹುದಾದ್ದರಿಂದ ಆಸ್ಪತ್ರೆಗೆ ಹೋಗಲೇಬೇಕು. ಆಂಬ್ಯುಲೆನ್ಸ್ ಸಂಖ್ಯೆ ಯುರೋಪಿಯನ್ ಒಕ್ಕೂಟದಲ್ಲಿ 112, ಅಮೆರಿಕ ಮತ್ತು ಕೆನಡಾಗಳಲ್ಲಿ 911, ಬ್ರಿಟನ್‌ನಲ್ಲಿ 999, ಜಪಾನಿನಲ್ಲಿ 119, ಆಸ್ಟ್ರೇಲಿಯಾದಲ್ಲಿ 000. ಈ ಸಂಖ್ಯೆಯನ್ನೂ ತಂಗಿರುವ ಹೋಟೆಲಿನ ವಿಳಾಸವನ್ನೂ ಚೀಟಿಯ ಹಿಂಬದಿಯಲ್ಲಿ ಬರೆದಿಡಿ. ಪೆನ್ ಎಲ್ಲಿದೆ, ಅದರ ಮುಚ್ಚಳ ಹೇಗೆ ತೆಗೆಯಬೇಕು, ಎಲ್ಲಿ ಚುಚ್ಚಬೇಕು ಎಂಬುದನ್ನು ಜೊತೆಗಿರುವ ಒಬ್ಬ ಸಹೋದ್ಯೋಗಿಗೆ ಮೊದಲ ದಿನವೇ, ಮೊದಲ ಊಟಕ್ಕೆ ಹೋಗುವ ಮುಂಚೆಯೇ ತೋರಿಸಿಕೊಡಿ.